84 ದಿನ ಬದುಕಿದ ರಾಜಕುಮಾರಿ

ಹಳೇ ನಾಣ್ಯ ಕೂಡಿಡುವವರ ಹತ್ತಿರ ರಾಣಿ ಛಾಪಿನ ಬೆಳ್ಳಿ ರೂಪಾಯಿ ಸಾಮಾನ್ಯವಾಗಿ ಇದ್ದೇ ಇರುತ್ತೆ. 1840ರದ್ದಾದರೆ ಅದರ ಮೇಲೆ ‘ವಿಕ್ಟೋರಿಯಾ ಕ್ವೀನ್’ ಅಂತ, 1877ರ ನಂತರದ್ದಾದರೆ ‘ವಿಕ್ಟೋರಿಯಾ ಎಂಪ್ರೆಸ್’ ಅಂತ ಇರುತ್ತೆ. ಶಾಸನ ಓದುವ ಚಟ ಹತ್ತಿದ ನನಗೆ ಈ ಎರಡು ಪದವೂ ಶಾಸನವೇ. ಆದರೆ ಆ ಹೆಸರು ಅಲ್ಲಿಗೆ ಬರಲು ಒಂದು ಹಸುಗೂಸಿನ ಸಾವೂ ಕಾರಣ ಅನ್ನೋದನ್ನ ನಾಣ್ಯ ಹೇಳೋದಿಲ್ಲ.

ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮೂರನೇ ಮಗ ವಿಲಿಯಂ. ವಿಕ್ಟೋರಿಯಾಳ ತಂದೆ ನಾಲ್ಕನೆಯವನು. ಹಾಗಾಗಿ ವಿಲಿಯಂನ ಮಕ್ಕಳಿಗೇ ಮೊದಲ ಹಕ್ಕು. ವಿಲಿಯಂನ ಹೆಂಡತಿ ಅಡಿಲೇಡ್ 1819ರ ಮಾರ್ಚ್ 27ರಂದು ಹ್ಯಾನೋವರಿನಲ್ಲಿ ಹೆತ್ತ ಷಾರ್ಲೆಟ್ ಅದೇ ದಿನ ತೀರಿಕೊಂಡಳು. 1820ರ ಡಿಸೆಂಬರ್ 10ರಂದು ಎಲಿಜಬೆತ್ ಹುಟ್ಟಿದಳು. ಒಂದೂವರೆ ವರ್ಷದ ವಿಕ್ಟೋರಿಯಾ ಸಿಂಹಾಸನದ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದಳು. 1821ರ ಮಾರ್ಚ್ 4ಕ್ಕೆ ಎಲಿಜಬೆತ್ ಕೂಡ ಹೋದಳು. ನಾನು ಲೆಕ್ಕ ಹಾಕಿದೆ: 84 ದಿನ. 1822ರಲ್ಲಿ ಅಡಿಲೇಡಳಿಗೆ ಹುಟ್ಟಿದ ಅವಳಿಗಳಿಗೆ ಜೀವವಿರಲಿಲ್ಲ. 1830ರಲ್ಲಿ ದೊರೆಯಾದ ವಿಲಿಯಂ 1837ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದವಳು ಹದಿನೆಂಟರ ವಿಕ್ಟೋರಿಯಾ. ಎಲಿಜಬೆತ್ ಬದುಕಿದ್ದರೆ ಆಗ ಅವಳಿಗೆ ಹದಿನಾರು.

ವಿಲಿಯಂ ಸ್ಕೂಲರ್ ಅನ್ನೋ ಶಿಲ್ಪಿ ಕಡೆದ ಅಮೃತಶಿಲೆಯ ಮೂರ್ತಿಯಲ್ಲಿ ಎಲಿಜಬೆತ್ ಮಂಚದ ಮೇಲೆ ನಿದ್ದೆ ಮಾಡ್ತಿದಾಳೆ. ಅದರ ಚಿತ್ರ ನೋಡಿದಾಗ ನನಗೆ ನಮ್ಮ ಕಲ್ಲುಗಳು ನೆನಪಾದವು. ವೀರಗಲ್ಲು ಹೋರಾಡಿ ಸತ್ತವನಿಗೆ, ಮಾಸ್ತಿಕಲ್ಲು ಸಹಗಮನ ಮಾಡಿದವಳಿಗೆ, ನಿಷಿಧಿಗಲ್ಲು ಸಲ್ಲೇಖನ ವ್ರತದಿಂದ ಮುಡಿಪಿದವರಿಗೆ. ಮೂರರಲ್ಲೂ ಏನೋ ಒಂದು ಮಾಡಿ ಸತ್ತವರ ನೆನಪಿದೆ. ಹಸುಗೂಸು ಏನು ತಾನೇ ಮಾಡಿರುತ್ತೆ? ತಾಮ್ರಪಟಗಳ ವಂಶಾವಳಿಯೂ ಸಾಮಾನ್ಯವಾಗಿ ಆಳಿದವರನ್ನೇ ಎಣಿಸುತ್ತೆ. ತೊಟ್ಟಿಲಲ್ಲೇ ಹೋದವರಿಗೆ ಅಲ್ಲಿ ಜಾಗ ಇಲ್ಲ.

ನಮ್ಮ ದೇಶದಲ್ಲೇ ಇನ್ನೊಂದು ತೊಟ್ಟಿಲು ಬರಿದಾಯಿತು. 1851ರಲ್ಲಿ ಝಾನ್ಸಿಯ ಗಂಗಾಧರ ರಾವ್, ಲಕ್ಷ್ಮೀಬಾಯಿ ದಂಪತಿಗೆ ಹುಟ್ಟಿದ ದಾಮೋದರ ರಾವ್ ನಾಲ್ಕು ತಿಂಗಳಿಗೇ ತೀರಿಕೊಂಡ. 1853ರ ನವೆಂಬರಿನಲ್ಲಿ, ತಾನು ಸಾಯುವ ಹಿಂದಿನ ದಿನ, ರಾಜ ಬಂಧುವೊಬ್ಬರ ಮಗ ಆನಂದ ರಾವ್‌ನನ್ನು ದತ್ತು ತಗೊಂಡ. ಡಾಲ್‌ಹೌಸಿ ಅದನ್ನು ಒಪ್ಪಲಿಲ್ಲ. 1854ರಲ್ಲಿ ಝಾನ್ಸಿ ಕಂಪನಿಯ ಪಾಲಾಯಿತು. ಹಿಂದಿನ ವಾರಸುದಾರ್ತಿ ಹಸುಗೂಸಾಗಿ ತೀರಿಕೊಂಡಿದ್ದರಿಂದ ಪಟ್ಟಕ್ಕೆ ಬಂದ ರಾಣಿಯ ಕಾಲದಲ್ಲೇ, ಇನ್ನೊಂದು ಹಸುಗೂಸು ತೀರಿಕೊಂಡ ಮನೆ ರಾಜ್ಯ ಕಳಕೊಂಡಿತು. ನಮ್ಮ ಮೈಸೂರಿಗೆ ಹಾಗಾಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು. 1867ರಲ್ಲಿ ಬ್ರಿಟಿಷರು ಅದನ್ನು ಒಪ್ಪಿದರು. ಅಷ್ಟು ಹೊತ್ತಿಗೆ 1857 ಆಗಿಹೋಗಿತ್ತು, ದತ್ತಕದ ವಿಷಯದಲ್ಲಿ ಅವರ ನೀತಿಯೂ ಬದಲಾಗಿತ್ತು.

ಝಾನ್ಸಿಯ ದತ್ತುಮಗನಿಗೆ ಇಟ್ಟ ಹೆಸರು ಏನು ಗೊತ್ತೇ? ದಾಮೋದರ ರಾವ್, ತೀರಿಕೊಂಡ ಕೂಸಿನ ಹೆಸರೇ. ಇನ್ನು ಮುಂದೆ ಆ ಕಾಲದ ಯಾವುದೇ ದಾಖಲೆಯಲ್ಲಿ ಆ ಹೆಸರು ಕಣ್ಣಿಗೆ ಬಿದ್ದರೆ ಒಂದು ಕ್ಷಣ ನಿಂತು ಓದಿ. ಅಲ್ಲಿರೋದು ಇಬ್ಬರು ಮಕ್ಕಳ ಹೆಸರು.