ಹೆಬ್ಬಟ್ಟೆಯಿಂದ ಬೈಪಾಸಿನವರೆಗೆ: ಮಂಡ್ಯ ಸೀಮೆಯ ಎರಡು ಹೆದ್ದಾರಿಗಳು

ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ‘ಹೆಬ್ಬಟ್ಟೆ’ ಎಂದರೆ ಹೆದ್ದಾರಿ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ವಿವರಿಸುವಾಗ ಕೆರೆ, ಹಳ್ಳ, ಹುತ್ತ, ಮರಗಳ ಸಾಲಿನಲ್ಲಿ ಬಟ್ಟೆಯೂ ಬರುತ್ತದೆ. ದಾರಿ ಕದಲುವುದಿಲ್ಲ ಎಂಬ ನಂಬಿಕೆ ಇದ್ದುದರಿಂದಲೇ ಅದು ಎಲ್ಲೆಗುರುತಾಯಿತು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಚರಿತ್ರೆಯನ್ನು ನೋಡಿದರೆ, ದಾರಿ ಇದ್ದಲ್ಲೇ ಇದ್ದರೂ ಅದರ ಮಹತ್ವ ಊರಿಂದೂರಿಗೆ ಸರಿಯುತ್ತ ಬಂದಿರುವುದು ಕಾಣುತ್ತದೆ.

ಬೆಂಗಳೂರಿನಿಂದ ಶ್ರೀರಂಗಪಟ್ಟಣದತ್ತ ಹೊರಟವರಿಗೆ ಈ ಸೀಮೆಯಲ್ಲಿ ಎರಡು ಮುಖ್ಯ ದಾರಿಗಳಿದ್ದವು. ಒಂದು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಹೋಗುವುದು. ಇನ್ನೊಂದು ದಕ್ಷಿಣಕ್ಕೆ ಬಳಸಿ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಮತ್ತು ಮಳವಳ್ಳಿಗಳ ಮೂಲಕ ಕಾವೇರಿಯನ್ನು ಸೇರುವುದು. ಇಂದು ಮೊದಲನೆಯದೇ ಸಹಜವಾದ ದಾರಿಯೆಂದು ತೋರುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಯುದ್ಧಗಳು ಬೇರೆಯ ಚಿತ್ರವನ್ನು ಕೊಡುತ್ತವೆ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಹೊರಟಾಗ ಆಯ್ದುಕೊಂಡದ್ದು ಕಾನಕಾನಹಳ್ಳಿಯ ದಾರಿಯನ್ನು. ಶತ್ರುಸೈನ್ಯದ ದನಕರುಗಳಿಗೆ ಮೇವು ದೊರೆಯದಂತೆ ಟಿಪ್ಪು ದಾರಿಯ ಊರುಗಳನ್ನು ಬರಿದು ಮಾಡಿಸಿದ್ದನು. ಅರಕೆರೆಯ ಬಳಿ ಕಾಳಗ ನಡೆದರೂ ಮುತ್ತಿಗೆ ಹಾಕಲಾಗದೆ, ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸ್ ಬಂದದ್ದೂ ಇದೇ ದಾರಿಯಲ್ಲಿ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧವಾಯಿತು. ಬಳಿಕ ಸೈನ್ಯ ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ಮೂವತ್ತೆಂಟು ದಿನಗಳ ಕಥೆಯಲ್ಲಿ ಮಂಡ್ಯವಲ್ಲ, ಮಳವಳ್ಳಿಯೇ ಮುಖ್ಯ ಸ್ಥಳ.

ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳ ದಾರಿಯಲ್ಲಿ ಸಂಚರಿಸಿದನು. ಸೈನ್ಯದ ಕಾಲ ಮುಗಿದು ಆಡಳಿತದ ಕಾಲ ಆರಂಭವಾಗಿತ್ತು. ರಾಜಧಾನಿ ಮೈಸೂರಾಯಿತು, 1831ರ ಬಳಿಕ ಕಮಿಷನರ ಆಳ್ವಿಕೆಯಲ್ಲಿ ಅಧಿಕಾರ ಬೆಂಗಳೂರಿಗೆ ಸರಿಯಿತು. ಅರಮನೆ ಒಂದೆಡೆ, ಕಚೇರಿ ಇನ್ನೊಂದೆಡೆ. ಇವೆರಡನ್ನೂ ಕೂಡಿಸುವ ನೇರ ದಾರಿಗೆ ಬೆಲೆ ಬಂದದ್ದು ಸಹಜ. 1881-82ರಲ್ಲಿ ಮೈಸೂರಿನವರೆಗೆ ಸಾಗಿದ ರೈಲುಮಾರ್ಗವೂ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೇ ಹಿಡಿಯಿತು. ಮಳವಳ್ಳಿಗೆ ರೈಲು ಬರಲಿಲ್ಲ. ಯುದ್ಧದ ಹೆದ್ದಾರಿ ಹೀಗೆ ಹಿನ್ನೆಲೆಗೆ ಸಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅದೇ ತಾಲೂಕಿನಿಂದ ಕೋಲಾರದ ಗಣಿಗೆ ಹರಿದರೂ ಊರಿನ ದೆಸೆ ತಿರುಗಲಿಲ್ಲ.

ಇತ್ತ ಮಂಡ್ಯಕ್ಕೆ ನಾಲೆಯ ನೀರು ಬಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಊರು ಹೆದ್ದಾರಿಯ ಎರಡೂ ಬದಿಗೆ ಬೆಳೆದುದರಿಂದ ಹೆದ್ದಾರಿಯೇ ಪೇಟೆಯ ಬೀದಿಯಾಯಿತು. ಇದನ್ನು ಕೇವಲ ಸಂಚಾರದ ಸಂಗತಿಯೆಂದು ತಿಳಿಯಬಾರದು. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದುದು ಇದೇ ದಾರಿಯ ಮಗ್ಗುಲಲ್ಲಿ. ಕಾವೇರಿ ಚಳವಳಿಗಳಲ್ಲಿ ರೈತರು ಮಂಡ್ಯದ ಸಂಜಯ ವೃತ್ತದಲ್ಲಿ ಕುಳಿತರೆ ಬೆಂಗಳೂರು-ಮೈಸೂರುಗಳ ನಡುವಿನ ಸಂಚಾರ ನಿಲ್ಲುತ್ತಿತ್ತು. ರಾಜಧಾನಿಗೆ ತಮ್ಮ ದನಿ ಮುಟ್ಟಿಸಲು ಅವರಿಗೆ ಬೇರೆ ವೇದಿಕೆ ಬೇಕಿರಲಿಲ್ಲ.

ಸರ್ಕಾರದ ಸಂಖ್ಯೆಗಳಲ್ಲಿ ಒಂದು ವಿಪರ್ಯಾಸವಿದೆ. ವಾಹನದಟ್ಟಣೆಯ ಮಂಡ್ಯದ ರಸ್ತೆ ಬಹುಕಾಲ ರಾಜ್ಯ ಹೆದ್ದಾರಿ 17 ಮಾತ್ರವಾಗಿತ್ತು. ಕನಕಪುರ-ಮಳವಳ್ಳಿಯ ಹಳೆಯ ದಾರಿಯಾದರೋ 209ನೆಯ ರಾಷ್ಟ್ರೀಯ ಹೆದ್ದಾರಿಯಾಗಿತ್ತು. ಇಂದು ಅವು ಕ್ರಮವಾಗಿ 275 ಮತ್ತು 948. ಅಂಕಿ ರಸ್ತೆಯ ದರ್ಜೆಯನ್ನು ಹೇಳುತ್ತದೆ, ಅದರ ಬದುಕನ್ನು ಹೇಳುವುದಿಲ್ಲ.

2023ರ ಮಾರ್ಚ್ 12ರಂದು ದಶಪಥ ಉದ್ಘಾಟನೆಯಾಯಿತು. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್ ಬಂದವು. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧ. ಮಳವಳ್ಳಿಗೆ ರೈಲು ತಂದ ಗತಿಯನ್ನು ಮಂಡ್ಯ, ಮದ್ದೂರುಗಳ ಪೇಟೆಬೀದಿಗೆ ಬೈಪಾಸ್ ತಂದಿದೆ. ದೂರದ ವಾಹನಗಳ ಕಾಟ ತಪ್ಪಿ ಊರಿನವರು ನೆಮ್ಮದಿಯಾಗಿ ರಸ್ತೆ ದಾಟುವುದು ಸಣ್ಣ ಲಾಭವಲ್ಲ. ಆದರೆ ದಾರಿಹೋಕರನ್ನು ನಂಬಿದ ಹೋಟೆಲು, ಎಳನೀರು, ಬೆಲ್ಲದ ವ್ಯಾಪಾರಿಗಳಿಗೆ ದಾರಿಹೋಕರೇ ಇಲ್ಲವಾದರು. ಸಂಜಯ ವೃತ್ತದಲ್ಲಿ ಕುಳಿತವರ ದನಿ ಮೊದಲಿನಷ್ಟು ದೂರ ಕೇಳುವುದೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ.

ಸ್ಥಳನಾಮಗಳು ದಾರಿಗಿಂತ ಹೆಚ್ಚು ಕಾಲ ಬಾಳುತ್ತವೆ. ಮದ್ದೂರಿನ ‘ಟಿ.ಬಿ. ವೃತ್ತ’ ಎಂಬ ಹೆಸರಿನಲ್ಲಿ ಪ್ರಯಾಣಿಕರು ತಂಗುತ್ತಿದ್ದ ಬಂಗಲೆಯ ನೆನಪಿದೆ; ಹೆಸರನ್ನಾಡುವವರಲ್ಲಿ ಎಷ್ಟೋ ಮಂದಿಗೆ ಅದು ತಿಳಿಯದು. ಸಂಶೋಧನ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಇಲ್ಲಿದೆ. ಶಾಸನಗಳಲ್ಲಿ ಬರುವ ಬಟ್ಟೆಗಳನ್ನು ಇಂದಿನ ನಕಾಶೆಯ ಮೇಲೆ ಗುರುತಿಸಬೇಕು. ಹಳೆಯ ರಸ್ತೆಯ ಬದಿಯ ಛತ್ರ, ಬಾವಿ, ಮೈಲಿಗಲ್ಲುಗಳನ್ನು ದಾಖಲಿಸಬೇಕು. ಅಂಗಡಿ ಮುಚ್ಚಿದ ವ್ಯಾಪಾರಿಗಳ ಮಾತನ್ನು ಬರೆದುಕೊಳ್ಳಬೇಕು. ಮಳವಳ್ಳಿಯ ದಾರಿ ಹಿಂದೆ ಸರಿದಾಗ ಅಲ್ಲಿನ ಸಾಮಾನ್ಯರ ಅನುಭವವನ್ನು ಕೇಳಿ ಬರೆದಿಟ್ಟವರು ವಿರಳ. ನಮಗೆ ದೊರೆಯುವುದು ಹೆಚ್ಚಾಗಿ ದಂಡನಾಯಕರ ಲೆಕ್ಕಾಚಾರ. ಮಂಡ್ಯದ ದಾರಿಯ ವಿಷಯದಲ್ಲಿ ಹೇಳಬಲ್ಲವರು ಇನ್ನೂ ಇದ್ದಾರೆ.