ಮನೆಯ ಟ್ರೆಡ್‌ಮಿಲ್: ಬಳಕೆ, ಆರೈಕೆ ಮತ್ತು ಮುನ್ನೆಚ್ಚರಿಕೆ

ಒಂದು ಕಾಲಕ್ಕೆ ಹೊಲಿಗೆಯಂತ್ರ ಇರುತ್ತಿದ್ದ ಮೂಲೆಯಲ್ಲಿ ಇಂದು ಟ್ರೆಡ್‌ಮಿಲ್ ನಿಂತಿರುವುದು ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಅಪರೂಪದ ದೃಶ್ಯವೇನಲ್ಲ. ಬೆಳಗಿನ ಲೋಕಲ್ ಹಿಡಿಯುವ ಧಾವಂತದಲ್ಲಿ ಉದ್ಯಾನಕ್ಕೆ ಹೋಗಲು ವೇಳೆ ಸಿಗದವರು, ಮಳೆಗಾಲದ ನಾಲ್ಕು ತಿಂಗಳು ಹೊರಗೆ ನಡೆಯಲಾಗದವರು, ಸಕ್ಕರೆ ಕಾಯಿಲೆಯ ನಿಮಿತ್ತ ದಿನವೂ ನಡೆಯಲೇಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ಹಿರಿಯರು ಇದನ್ನು ಕೊಳ್ಳುತ್ತಾರೆ. ಕೊನೆಯ ಕಂತು ತೀರುವ ಮೊದಲೇ ಅದು ಬಟ್ಟೆ ಒಣಹಾಕುವ ಸಾಧನವಾಗಿ ಮಾರ್ಪಡುವುದೂ ಉಂಟು. ಸೋಮಾರಿತನವೇ ಕಾರಣವೆಂದು ಮನೆಯವರು ದೂರಬಹುದು. ಆದರೆ ನಾವು ಕಂಡಂತೆ ಎಷ್ಟೋ ಮನೆಗಳಲ್ಲಿ ಬೆಲ್ಟ್ ಜಾರುವುದು, ಒಂದು ಪಕ್ಕಕ್ಕೆ ಸರಿಯುವುದು, ಸುಟ್ಟ ವಾಸನೆ ಬರುವುದು ಮುಂತಾದ ಒಂದು ಸಣ್ಣ ದೋಷದಿಂದಲೇ ಯಂತ್ರ ಮೂಲೆ ಸೇರಿರುತ್ತದೆ. ಇಂಥ ದೋಷಗಳಲ್ಲಿ ಮನೆಯವರೇ ಸರಿಪಡಿಸಬಹುದಾದವು ಯಾವುವು, ಕೈ ಹಾಕಲೇಬಾರದವು ಯಾವುವು ಎಂಬ ಗೆರೆಯನ್ನು ತಿಳಿದುಕೊಳ್ಳುವುದು ಹಣಕ್ಕೂ ಜೀವಕ್ಕೂ ಕ್ಷೇಮ.

ಈ ಯಂತ್ರದ ಪೂರ್ವಜನ್ಮ ಅಷ್ಟೇನೂ ಗೌರವದ್ದಲ್ಲ. 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯುಬಿಟ್ ಸೆರೆಮನೆಯ ಕೈದಿಗಳಿಗಾಗಿ ತುಳಿಯುವ ಚಕ್ರವೊಂದನ್ನು ರೂಪಿಸಿದರು. 1895ರಲ್ಲಿ ಸೆರೆಮನೆ ಸೇರಿದ ಸಾಹಿತಿ ಆಸ್ಕರ್ ವೈಲ್ಡ್ ಕೂಡ ಅದನ್ನು ತುಳಿಯಬೇಕಾಯಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಹೃದಯತಜ್ಞ ರಾಬರ್ಟ್ ಬ್ರೂಸ್ ನಡಿಗೆಯ ಯಂತ್ರವನ್ನು ಹೃದಯಪರೀಕ್ಷೆಗೆ ಬಳಸಿದರು. ಇಂದು ಆಸ್ಪತ್ರೆಗಳಲ್ಲಿ ಮಾಡುವ ಟಿ.ಎಂ.ಟಿ. ಪರೀಕ್ಷೆಯ ಪ್ರಸಿದ್ಧ ಕ್ರಮ ಅವರ ಹೆಸರಿನಲ್ಲಿಯೇ ಇದೆ. ಶಿಕ್ಷೆಯಾಗಿದ್ದುದಕ್ಕೆ ಈಗ ನಾವೇ ಹಣ ಕೊಡುತ್ತಿದ್ದೇವೆ ಎಂದು ನಗುವವರು ನಗಲಿ.

ಯಂತ್ರದ ರಚನೆ ಸರಳವಾದದ್ದು. ನಯವಾದ ಒಂದು ಹಲಗೆ, ಅದರ ಸುತ್ತ ತಿರುಗುವ ರಬ್ಬರಿನ ನಡಿಗೆ ಬೆಲ್ಟ್, ಬೆಲ್ಟನ್ನು ಹಿಡಿದಿರುವ ಮುಂದಿನ ಮತ್ತು ಹಿಂದಿನ ರೋಲರುಗಳು, ಮುಂದಿನ ರೋಲರನ್ನು ತಿರುಗಿಸುವ ಮೋಟಾರು, ಮೋಟಾರಿನ ವೇಗವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡು ಇವೇ ಮುಖ್ಯ ಅಂಗಗಳು. ಬೆಲ್ಟಿಗೂ ಹಲಗೆಗೂ ನಡುವಿನ ಘರ್ಷಣೆಯೇ ಹೆಚ್ಚಿನ ರೋಗಗಳ ಮೂಲ. ಅಲ್ಲಿ ಎಣ್ಣೆ ಒಣಗಿದರೆ ಬೆಲ್ಟನ್ನು ಎಳೆಯಲು ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ, ಆ ಹೊರೆಯಿಂದ ನಿಯಂತ್ರಣದ ಬೋರ್ಡು ಬಿಸಿಯಾಗುತ್ತದೆ, ಕೊನೆಗೊಂದು ದಿನ ಸುಟ್ಟುಹೋಗುತ್ತದೆ. ಒಂದು ಸೀಸೆ ಎಣ್ಣೆಯಲ್ಲಿ ಮುಗಿಯುತ್ತಿದ್ದ ಖರ್ಚು, ಕಟ್ಟದೆ ಬಿಟ್ಟ ಸಾಲದ ಬಡ್ಡಿಯಂತೆ ಬೆಳೆದು ಸಾವಿರಗಳನ್ನು ಮುಟ್ಟುವುದು ಹೀಗೆ.

ಸ್ಥಳ ಮತ್ತು ವಿದ್ಯುತ್ತು

ನಮ್ಮ ಫ್ಲ್ಯಾಟುಗಳಲ್ಲಿ ಜಾಗದ ಅಭಾವದಿಂದ ಟ್ರೆಡ್‌ಮಿಲ್ಲನ್ನು ಟಿ.ವಿ.ಗೆ ಎದುರಾಗಿ, ಹಿಂಭಾಗವನ್ನು ಗೋಡೆಗೆ ಒತ್ತಿ ಇಡುವ ರೂಢಿಯಿದೆ. ಇದು ಅಪಾಯಕರ. ಮುಗ್ಗರಿಸಿದವರನ್ನು ಬೆಲ್ಟ್ ಹಿಂದಕ್ಕೆ ಎಸೆಯುತ್ತದೆ. ಹಿಂದೆ ಗೋಡೆಯಿದ್ದರೆ ಬಿದ್ದವರು ಗೋಡೆಗೂ ಓಡುತ್ತಿರುವ ಬೆಲ್ಟಿಗೂ ನಡುವೆ ಸಿಲುಕಿ ಚರ್ಮ ಸುಲಿಯುವಷ್ಟು ಗಾಯಗೊಳ್ಳುತ್ತಾರೆ. ಹಿಂದೆ ಸುಮಾರು 2 ಮೀಟರ್, ಎರಡೂ ಪಕ್ಕಗಳಲ್ಲಿ ಅರ್ಧ ಮೀಟರ್ ತೆರವಿರಬೇಕು. ಅಷ್ಟು ಜಾಗವಿಲ್ಲದ ಕೋಣೆಯಲ್ಲಿ ಯಂತ್ರದ ಮುಖವನ್ನು ಗೋಡೆಯ ಕಡೆಗೂ ಬೆನ್ನನ್ನು ಕೋಣೆಯ ಬಯಲಿಗೂ ತಿರುಗಿಸಿಡುವುದು ಲೇಸು. ಟಿ.ವಿ. ತಪ್ಪಿದರೆ ತಪ್ಪಲಿ. ಕೆಳಗೆ ದಪ್ಪ ರಬ್ಬರಿನ ಚಾಪೆ ಹಾಸಿದರೆ ಕಂಪನ ತಗ್ಗುತ್ತದೆ, ಕೆಳಮನೆಯವರು ಸೊಸೈಟಿಗೆ ದೂರು ಕೊಡುವುದೂ ತಪ್ಪುತ್ತದೆ.

2 ಅಶ್ವಶಕ್ತಿಯ ಮೋಟಾರೆಂದರೆ ಸುಮಾರು ಒಂದೂವರೆ ಕಿಲೋವ್ಯಾಟ್. 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್. ಭಾರ ಬಿದ್ದಾಗ ಇದು ಇನ್ನೂ ಏರುತ್ತದೆ. ಆದುದರಿಂದ 6 ಆಂಪಿಯರಿನ ಸಣ್ಣ ಪ್ಲಗ್ ಪಾಯಿಂಟು ಇದಕ್ಕೆ ಸಲ್ಲದು. ಗೀಸರಿಗೆ ಕೊಡುವಂಥ 16 ಆಂಪಿಯರಿನ ಪಾಯಿಂಟು ಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನು ಬಳಸಲೇಬಾರದು. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಪಾಯಿಂಟು ಕಂಡರೂ ಮೂರನೆಯದಕ್ಕೆ ಅರ್ಥಿಂಗ್ ತಂತಿಯೇ ಇರದಿರುವ ಸಂಭವವುಂಟು. ಯಂತ್ರ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಇದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಚಳಿಗಾಲದ ಒಣಹವೆಯಲ್ಲಿ ನಡೆದು ಕಂಬಿಯನ್ನು ಮುಟ್ಟಿದಾಗ ಒಮ್ಮೆ ಚುರುಕೆನ್ನುವುದು ಘರ್ಷಣೆಯಿಂದ ಹುಟ್ಟಿದ ವಿದ್ಯುತ್ತು, ಅದಕ್ಕೆ ಹೆದರಬೇಕಿಲ್ಲ. ಆದರೆ ಬೆಲ್ಟ್ ನಿಂತಿರುವಾಗಲೂ ಲೋಹದ ಭಾಗ ಮುಟ್ಟಿದರೆ ಸತತವಾಗಿ ಜುಮ್ಮೆನ್ನುತ್ತಿದ್ದರೆ ಅದು ವಿದ್ಯುತ್ ಸೋರಿಕೆ. ಕೂಡಲೇ ಗೋಡೆಯ ಸ್ವಿಚ್ಚನ್ನು ಆರಿಸಿ ಪ್ಲಗ್ ಕೀಳಬೇಕು, ತಜ್ಞರು ನೋಡುವವರೆಗೆ ಯಾರೂ ಮುಟ್ಟಕೂಡದು.

ಮಕ್ಕಳಿರುವ ಮನೆಗಳಲ್ಲಿ

ಈ ವಿಷಯವನ್ನು ನಾವು ಒತ್ತಿ ಹೇಳಬಯಸುತ್ತೇವೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೆಲೋಟಾನ್ ಕಂಪನಿಯು ತನ್ನ ಟ್ರೆಡ್ ಪ್ಲಸ್ ಎಂಬ ಮಾದರಿಯ ಸುಮಾರು 1,25,000 ಯಂತ್ರಗಳನ್ನು ಹಿಂಪಡೆಯಬೇಕಾಯಿತು. ಮಕ್ಕಳು, ಸಾಕುಪ್ರಾಣಿಗಳು ಮತ್ತು ವಸ್ತುಗಳು ಯಂತ್ರದ ಹಿಂಭಾಗದಿಂದ ಅಡಿಗೆ ಸೆಳೆಯಲ್ಪಟ್ಟ 70ಕ್ಕೂ ಮಿಕ್ಕಿದ ಘಟನೆಗಳು ವರದಿಯಾಗಿದ್ದವು. ಆರು ವರ್ಷದ ಮಗುವೊಂದು ಅಸುನೀಗಿತ್ತು. ಅದು ಒಂದು ಮಾದರಿಯ ಕಥೆಯಾದರೂ ಹಿಂದಿನ ರೋಲರಿನ ಬಳಿ ಬೆರಳು, ಕೂದಲು, ಬಟ್ಟೆ ಸಿಲುಕುವ ಅಪಾಯ ಯಾವ ಟ್ರೆಡ್‌ಮಿಲ್ಲಿಗೂ ತಪ್ಪಿದ್ದಲ್ಲ. ಅಜ್ಜ ನಡೆಯುತ್ತಿರುವಾಗ ಮೊಮ್ಮಗು ಹಿಂದೆ ಬಂದು ಕುಳಿತದ್ದು ಅಜ್ಜನಿಗೆ ಕಾಣುವುದಿಲ್ಲ.

ಇದಕ್ಕೆ ಉಪಾಯ ಸೇಫ್ಟಿ ಕೀ. ಕೆಂಪು ದಾರದ ಆ ಪುಟ್ಟ ಕೀಲಿಯನ್ನು ತೆಗೆದರೆ ಬೆಲ್ಟ್ ಚಲಿಸದು. ಬಳಸುವಾಗ ಅದರ ಕ್ಲಿಪ್ಪನ್ನು ಅಂಗಿಗೋ ಸೀರೆಯ ಸೆರಗಿಗೋ ಅಲ್ಲ, ಸೊಂಟದ ಬಳಿ ಬಿಗಿಯಾದ ಬಟ್ಟೆಗೆ ಸಿಕ್ಕಿಸಬೇಕು. (ಸೀರೆ, ಲುಂಗಿ, ಸಡಿಲ ದುಪಟ್ಟಾ ಧರಿಸಿ ಬೆಲ್ಟಿನ ಮೇಲೆ ಏರುವುದೇ ಸರಿಯಲ್ಲ.) ಬಳಸಿದ ಮೇಲೆ ಕೀಲಿ ಬೀರುವಿನೊಳಗೆ, ಪ್ಲಗ್ ಗೋಡೆಯಿಂದ ಹೊರಗೆ. ಆರಂಭಿಸುವಾಗ ಎರಡೂ ಪಕ್ಕದ ಪಟ್ಟಿಗಳ ಮೇಲೆ ಕಾಲಿಟ್ಟು ನಿಂತು, ಬೆಲ್ಟ್ ನಿಧಾನವಾಗಿ ಚಲಿಸತೊಡಗಿದ ನಂತರವೇ ಹೆಜ್ಜೆಯಿಡಬೇಕು. ಇಳಿಯುವುದು ಬೆಲ್ಟ್ ಪೂರ್ಣ ನಿಂತ ಮೇಲೆ. ಹೃದ್ರೋಗವಿದ್ದವರು ವೈದ್ಯರನ್ನು ಕೇಳದೆ ಏರಬಾರದು.

ಎಣ್ಣೆ ಮತ್ತು ಬೆಲ್ಟಿನ ಹೊಂದಾಣಿಕೆ

ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬೆಲ್ಟಿನ ಅಂಚನ್ನೆತ್ತಿ ಒಳಗೆ ನಡುಭಾಗದವರೆಗೆ ಬೆರಳಾಡಿಸಿ ನೋಡಿರಿ. ಜಿಡ್ಡು ಹತ್ತದೆ ಒಣಗಿದಂತಿದ್ದರೆ ಎಣ್ಣೆ ಬೇಕೆಂದರ್ಥ. ಇದಕ್ಕೆ ಶುದ್ಧ ಸಿಲಿಕೋನ್ ಎಣ್ಣೆಯೇ ಆಗಬೇಕು. ನಮ್ಮವರ ಕೈ ಸಹಜವಾಗಿ ಕೊಬ್ಬರಿ ಎಣ್ಣೆಯತ್ತಲೋ ಹೊಲಿಗೆಯಂತ್ರದ ಎಣ್ಣೆಯತ್ತಲೋ ಹೋಗುತ್ತದೆ, ಎರಡೂ ಕೂಡದು. ಪುಣೆ, ದಿಲ್ಲಿಗಳ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹಲಗೆಯ ಮೇಲೆಯೇ ಗಟ್ಟಿಯಾಗಿ ಕೂರುತ್ತದೆ, ಪೆಟ್ರೋಲಿಯಂ ಮೂಲದ ಎಣ್ಣೆ ಬೆಲ್ಟನ್ನೇ ಕೆಡಿಸಬಹುದು. ಎರಡೂ ಪಕ್ಕಗಳಿಂದ ಬೆಲ್ಟಿನಡಿ ಹಲಗೆಯ ಮೇಲೆ ಅಂಕುಡೊಂಕಾಗಿ ಒಟ್ಟು 15ರಿಂದ 20 ಮಿಲಿಲೀಟರ್ ಹಾಕಿ, ನಿಧಾನಗತಿಯಲ್ಲಿ ನಾಲ್ಕೈದು ನಿಮಿಷ ನಡೆದರೆ ಹರಡಿಕೊಳ್ಳುತ್ತದೆ. ಅತಿಯಾದರೆ ಬೆಲ್ಟ್ ಜಾರುತ್ತದೆ. ಕೆಲವು ಯಂತ್ರಗಳ ಹಲಗೆಗೆ ಕಾರ್ಖಾನೆಯಲ್ಲಿಯೇ ಮೇಣ ಸವರಿರುತ್ತಾರೆ, ಅಂಥವಕ್ಕೆ ಎಣ್ಣೆ ಹಾಕಬಾರದು. ಇದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಬೆಲ್ಟ್ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಅದರ ಅಂಚು ಚೌಕಟ್ಟಿಗೆ ಉಜ್ಜಿ ಹರಿಯುತ್ತದೆ. ಹಿಂದಿನ ರೋಲರಿನ ಎರಡು ತುದಿಗಳಲ್ಲಿ ಯಂತ್ರದೊಡನೆ ಬಂದ ಅಲೆನ್ ಕೀಲಿಯಿಂದ ತಿರುಗಿಸುವ ಬೋಲ್ಟುಗಳಿವೆ. ಯಂತ್ರದ ಹಿಂದೆ ನಿಂತು ನೋಡಿದಾಗ ಬೆಲ್ಟ್ ಬಲಕ್ಕೆ ಸರಿದಿದ್ದರೆ ಬಲದ ಬೋಲ್ಟನ್ನು, ಎಡಕ್ಕೆ ಸರಿದಿದ್ದರೆ ಎಡದ ಬೋಲ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಯಂತ್ರ ನಿಲ್ಲಿಸಿ ತಿರುಗಿಸುವುದು, ನಂತರ ಯಾರೂ ಮೇಲೆ ನಿಲ್ಲದೆ ನಿಧಾನಗತಿಯಲ್ಲಿ ಒಂದೆರಡು ನಿಮಿಷ ಓಡಿಸಿ ನೋಡುವುದು, ಬೇಕಿದ್ದರೆ ಮತ್ತೆ ಕಾಲು ಸುತ್ತು. ಇಲ್ಲಿ ಅವಸರ ಸಲ್ಲದು.

ಹೆಜ್ಜೆಯಿಟ್ಟಾಗ ಬೆಲ್ಟ್ ಕ್ಷಣಕಾಲ ತಡೆದು ಮುಂದೆ ಜಿಗಿದಂತಾದರೆ ಅದು ಸಡಿಲಗೊಂಡಿರಬಹುದು. ಆಗ ಎರಡೂ ಬೋಲ್ಟುಗಳನ್ನು ಸಮನಾಗಿ ಕಾಲು ಸುತ್ತು ಬಿಗಿಗೊಳಿಸಬೇಕು. ಹೆಚ್ಚಿನ ಯಂತ್ರಗಳಲ್ಲಿ ಬೆಲ್ಟಿನ ಅಂಚನ್ನು ನಡುವಿನಲ್ಲಿ ಎತ್ತಿದಾಗ ಹಲಗೆಯಿಂದ ಎರಡು ಮೂರು ಅಂಗುಲ ಏಳುವಂತಿದ್ದರೆ ಬಿಗಿ ಸರಿಯಾಗಿದೆಯೆಂದು ತಿಳಿಯಬಹುದು. ತಂತಿಯಂತೆ ಬಿಗಿದರೆ ರೋಲರಿನ ಬೇರಿಂಗ್ ಸವೆಯುತ್ತದೆ.

ಯಂತ್ರ ಚಾಲೂ ಆಗದಿದ್ದಾಗ

ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಬೇರೊಂದು ಉಪಕರಣ ಹಾಕಿ ಪ್ಲಗ್ ಪಾಯಿಂಟನ್ನು, ಅನಂತರ ಎಂ.ಸಿ.ಬಿ.ಯನ್ನು, ಯಂತ್ರದ ಕೆಳಗಿನ ಕೆಂಪು ಸ್ವಿಚ್ಚನ್ನು, ಅದರ ಪಕ್ಕದಲ್ಲಿದ್ದರೆ ರಿಸೆಟ್ ಗುಂಡಿಯನ್ನು, ಕೊನೆಗೆ ಸೇಫ್ಟಿ ಕೀಯನ್ನು ನೋಡಬೇಕು. ಕೀಲಿಯೊಳಗಿನ ಅಯಸ್ಕಾಂತ ಉದುರಿದ್ದರೆ ಯಂತ್ರ ಜಪ್ಪಯ್ಯ ಎಂದರೂ ಹೊರಡದು. ನಮ್ಮ ಪರಿಚಯದ ಒಂದು ಮನೆಯಲ್ಲಿ ಇಷ್ಟೇ ಆಗಿದ್ದುದಕ್ಕೆ ಇಡೀ ಬೋರ್ಡು ಬದಲಿಸಬೇಕೆಂಬ ಅಂದಾಜುಪಟ್ಟಿ ಕೈಗೆ ಬಂದಿತ್ತು. ಪರದೆಯ ಮೇಲೆ ಮೂಡುವ ದೋಷಸಂಖ್ಯೆಗಳಿಗೆ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಅರ್ಥ. ನೆರೆಮನೆಯವರ ಯಂತ್ರದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು.

ಮೋಟಾರಿನ ಮುಚ್ಚಳವನ್ನು ತೆರೆಯುವಲ್ಲಿಗೆ ಮನೆಯವರ ಅಧಿಕಾರ ಮುಗಿಯುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ. ಸುಟ್ಟ ವಾಸನೆ, ಕಿಡಿ, ಪದೇ ಪದೇ ಬೀಳುವ ಎಂ.ಸಿ.ಬಿ., ತನ್ನಷ್ಟಕ್ಕೆ ಏರುವ ವೇಗ ಇವುಗಳಲ್ಲಿ ಯಾವುದು ಕಂಡರೂ ಯಂತ್ರವನ್ನು ನಿಲ್ಲಿಸಿ ತಜ್ಞರನ್ನೇ ಕರೆಸಬೇಕು. ಒಳಗೆ ಕೂರುವ ಧೂಳನ್ನೂ ಆಗಲೇ ತೆಗೆಸಬಹುದು.

ಮಳೆಗಾಲದಲ್ಲಿ ಕಿಟಕಿಯ ಪಕ್ಕದಿಂದ ಯಂತ್ರವನ್ನು ದೂರವಿಡಿ. ಸಮುದ್ರತೀರದ ಉಪ್ಪುಗಾಳಿಗೆ ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ. ಬೆವರನ್ನು ಒಣಬಟ್ಟೆಯಿಂದ ಒರೆಸಬೇಕು. ಮಡಚುವ ಮಾದರಿಯಾದರೆ ಇಳಿಜಾರನ್ನು ಸೊನ್ನೆಗೆ ತಂದು ಮಡಚಿ, ಬೀಗ ಕಚ್ಚಿದ ಸದ್ದು ಕೇಳಿದ ಮೇಲೆಯೇ ಕೈ ಬಿಡಬೇಕು. ಎಣ್ಣೆ ಹಾಕಿದ ದಿನಾಂಕ, ಅಂದಿನ ಕಿಲೋಮೀಟರು, ದುರಸ್ತಿಯ ವಿವರ ಮತ್ತು ಕೊಟ್ಟ ಮೊತ್ತವನ್ನು ಪಾಸ್‌ಬುಕ್ಕಿನಂತೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಅನುಕೂಲವಾಗುತ್ತದೆ. ಒಪ್ಪಂದದಲ್ಲಿ ಬೆಲ್ಟ್, ಮೋಟಾರು ಮತ್ತು ಬೋರ್ಡು ಸೇರಿವೆಯೇ, ಬರಿಯ ಕೂಲಿಯಷ್ಟೇ ಇದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.