ಸಿಬ್ಬಂದಿಗೆ ಅಂತರ್ಜಾಲ ಆಧಾರಿತ ತರಬೇತಿ: ಪರಿಣಾಮಕಾರಿ ಕಾರ್ಯಕ್ರಮವನ್ನು ರೂಪಿಸುವ ವಿಧಾನ

1. ಪೀಠಿಕೆ

ಸಾರ್ವಜನಿಕರು ಸಲ್ಲಿಸುವ ಅರ್ಜಿಗಳು ಕಾಲಮಿತಿಯಲ್ಲಿ ವಿಲೇವಾರಿಯಾಗುವುದು ನಿಯಮಗಳ ಮೇಲೆ ಎಷ್ಟು ಅವಲಂಬಿತವಾಗಿರುತ್ತದೆಯೋ, ಆ ನಿಯಮಗಳನ್ನು ಕೌಂಟರಿನಲ್ಲಿ ಜಾರಿಗೊಳಿಸುವ ಸಿಬ್ಬಂದಿಯ ತಿಳಿವಳಿಕೆಯ ಮೇಲೆಯೂ ಅಷ್ಟೇ ಅವಲಂಬಿತವಾಗಿರುತ್ತದೆ. ಸಿಬ್ಬಂದಿಗೆ ನೀಡಲಾಗುವ ಅಂತರ್ಜಾಲ ಆಧಾರಿತ ತರಬೇತಿಯನ್ನು ಹೇಗೆ ರೂಪಿಸಿದರೆ ಅದು ಅರ್ಜಿದಾರರಿಗೆ ಪ್ರಯೋಜನಕಾರಿಯಾಗುತ್ತದೆ ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ದೂರದಿಂದ ತರಬೇತಿ ನೀಡುವುದು ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನಲ್ಲಿರುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಉಪಗ್ರಹ ಆಧಾರಿತ ತರಬೇತಿಯನ್ನು ನಡೆಸಿದೆ. ಈ ವ್ಯವಸ್ಥೆಯಲ್ಲಿ ದೃಶ್ಯವು ಏಕಮುಖವಾಗಿದ್ದರೂ ಧ್ವನಿಸಂಪರ್ಕವು ದ್ವಿಮುಖವಾಗಿದ್ದುದರಿಂದ ದೂರದ ಕೇಂದ್ರದಲ್ಲಿದ್ದವರು ಪ್ರಶ್ನೆ ಕೇಳಿ ಉತ್ತರ ಪಡೆಯಲು ಸಾಧ್ಯವಾಯಿತು. 2001ರ ವೇಳೆಗೆ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ ಗ್ರಾಮ ಲೆಕ್ಕಿಗರಿಗೆ ತರಬೇತಿ ನೀಡಿ ಕೇಂದ್ರಗಳಿಗೆ ನಿಯೋಜಿಸುವುದು ಯೋಜನೆಯ ಮುಖ್ಯ ಅಂಗವಾಗಿತ್ತು. ರಾಜ್ಯ ಸಿವಿಲ್ ಸೇವೆಗಳಲ್ಲಿ ಗಣಕ ಸಾಕ್ಷರತಾ ಪರೀಕ್ಷೆಗೆ ಸಂಬಂಧಿಸಿದ ನಿಯಮಗಳು 2012ರಲ್ಲಿ ಬಂದವು. ಕೇಂದ್ರ ಸಚಿವ ಸಂಪುಟವು 2020ರ ಸೆಪ್ಟೆಂಬರ್ 2ರಂದು ಮಿಷನ್ ಕರ್ಮಯೋಗಿಗೆ ಅನುಮೋದನೆ ನೀಡಿತು. ಅದರ ಐಗಾಟ್ ವೇದಿಕೆಯಲ್ಲಿ ನೌಕರರು ತಮ್ಮ ಸ್ಥಳದಲ್ಲಿಯೇ ಪಾಠಗಳನ್ನು ಅಭ್ಯಸಿಸಬಹುದು. ಕೇವಲ ನಿಯಮ ತಿಳಿದರೆ ಸಾಲದು, ನಿರ್ವಹಿಸಬೇಕಾದ ಹುದ್ದೆಯ ಪಾತ್ರಕ್ಕೆ ತಕ್ಕ ಸಾಮರ್ಥ್ಯವಿರಬೇಕು ಎಂಬುದು ಈ ಯೋಜನೆಯ ತಿರುಳು.

3. ಅರ್ಜಿದಾರರಿಗೆ ಇದರ ಮಹತ್ವ

ಉದಾಹರಣೆಗೆ, ಬೆನ್ಸನ್ ಟೌನ್‌ನ ಹಳೆಯ ಮನೆಯೊಂದರಲ್ಲಿ ವಾಸಿಸುವ ವೃದ್ಧೆಯೊಬ್ಬರು ದಿವಂಗತ ಪತಿಯ ಹೆಸರಿನಲ್ಲಿರುವ ಖಾತೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕಾಗಿದೆ ಎಂದು ಭಾವಿಸಬಹುದು. ಕ್ರಯಪತ್ರದಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದ್ದು, ಆಧಾರ್ ಚೀಟಿಯಲ್ಲಿ ಅದು ವಿಸ್ತರಿಸಲ್ಪಟ್ಟಿದೆ. ಕುಟುಂಬದ ಹೆಸರನ್ನು ಒಂದು ದಾಖಲೆಯಲ್ಲಿ ‘ಡಿಸೋಜ’ ಎಂದೂ ಮತ್ತೊಂದರಲ್ಲಿ ‘ಡಿಸೋಜಾ’ ಎಂದೂ ಬರೆಯಲಾಗಿದೆ. ಇಂತಹ ವ್ಯತ್ಯಾಸಕ್ಕೆ ಯಾವ ದಾಖಲೆ ಸಾಕು ಎಂಬುದನ್ನು ತಿಳಿದ ಸಿಬ್ಬಂದಿಯು ಮೊದಲ ಭೇಟಿಯಲ್ಲಿಯೇ ಪೂರ್ಣ ಪಟ್ಟಿಯನ್ನು ನೀಡುತ್ತಾರೆ. ತಿಳಿಯದವರು ಪ್ರತಿ ಭೇಟಿಯಲ್ಲಿ ಒಂದೊಂದು ದಾಖಲೆಯನ್ನು ಕೇಳುತ್ತಾರೆ. ಆಟೋ ಬಾಡಿಗೆ, ಕಳೆದ ದಿನಗಳು ಮತ್ತು ಮನೋವ್ಯಥೆ ಇವು ಯಾವ ಕಡತದಲ್ಲಿಯೂ ನಮೂದಾಗುವುದಿಲ್ಲ; ಆದರೆ ತರಬೇತಿಯ ಕೊರತೆಯ ನಿಜವಾದ ವೆಚ್ಚವೆಂದರೆ ಇವೇ.

ಬೆಂಗಳೂರಿನ ನಾಗರಿಕರಿಗೆ ಈ ವಿಷಯವು ಈಗ ಹೆಚ್ಚು ಪ್ರಸ್ತುತವಾಗಿದೆ. 2024ರ ಅಕ್ಟೋಬರ್‌ನಿಂದ ನಗರದಲ್ಲಿ ಸ್ವತ್ತಿನ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ರಚನೆಯಾಗಿ, ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ತಂತ್ರಾಂಶ ಮತ್ತು ಗಡಿ ಎರಡೂ ಬದಲಾದಾಗ ಸಿಬ್ಬಂದಿಯ ತಿಳಿವಳಿಕೆಯೂ ಅದೇ ವೇಗದಲ್ಲಿ ಬದಲಾಗಬೇಕಾಗುತ್ತದೆ.

4. ತರಬೇತಿ ರೂಪಿಸುವಾಗ ಅನುಸರಿಸಬೇಕಾದ ಹಂತಗಳು

(ಅ) ಅಗತ್ಯವನ್ನು ಗುರುತಿಸುವುದು: ಪಠ್ಯವು ವಿಷಯಗಳ ಪಟ್ಟಿಯಿಂದಲ್ಲ, ಹಿಂದಿರುಗಿಸಲಾದ ಅರ್ಜಿಗಳ ಪರಿಶೀಲನೆಯಿಂದ ಪ್ರಾರಂಭವಾಗತಕ್ಕದ್ದು. ಹಿಂದಿರುಗಿಸಲಾದ 100 ಅರ್ಜಿಗಳ ಪೈಕಿ 40 ಹೆಸರಿನ ವ್ಯತ್ಯಾಸದಿಂದ, 25 ತಪ್ಪು ಮಾಹಿತಿ ನೀಡಿದ್ದರಿಂದ ಹಾಗೂ 35 ಸರ್ವರ್ ತೊಂದರೆಯಿಂದ ಹಿಂದಿರುಗಿವೆ ಎಂದು ಭಾವಿಸಿದಲ್ಲಿ, ತರಬೇತಿಯಿಂದ ಪರಿಹಾರವಾಗುವುದು ಮೊದಲ 65 ಮಾತ್ರ. ಯಂತ್ರದ ಅಥವಾ ಸಿಬ್ಬಂದಿ ಸಂಖ್ಯೆಯ ಕೊರತೆಯನ್ನು ಪಾಠದಿಂದ ತುಂಬಲಾಗದು.

(ಆ) ಉದ್ದೇಶವನ್ನು ಕೆಲಸದ ರೂಪದಲ್ಲಿ ಬರೆಯುವುದು: ‘ಸಕಾಲ ಅಧಿನಿಯಮವನ್ನು ಅರಿಯುವುದು’ ಎಂಬುದು ಅಸ್ಪಷ್ಟವಾದ ಉದ್ದೇಶ. ‘ಅರ್ಜಿದಾರರು ಕೌಂಟರಿನಿಂದ ತೆರಳುವ ಮುನ್ನ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡುವುದು’ ಎಂಬುದು ಅಳೆಯಬಹುದಾದ ಉದ್ದೇಶ.

(ಇ) ಪಾಠವು ಚಿಕ್ಕದಾಗಿರುವುದು: ಒಂದು ಪಾಠಕ್ಕೆ ಒಂದೇ ಕೆಲಸ, 10ರಿಂದ 15 ನಿಮಿಷಗಳ ಅವಧಿ. ಸುತ್ತೋಲೆಯನ್ನು ಪುಟಪುಟವಾಗಿ ಪರದೆಗೆ ಏರಿಸುವುದು ತರಬೇತಿ ಎನಿಸುವುದಿಲ್ಲ.

(ಈ) ಅಭ್ಯಾಸಕ್ಕೆ ಪ್ರತ್ಯೇಕ ತಂತ್ರಾಂಶ: ನೈಜ ದತ್ತಾಂಶದಿಂದ ಬೇರ್ಪಡಿಸಿದ ಮಾದರಿ ತಂತ್ರಾಂಶದಲ್ಲಿ ಸಿಬ್ಬಂದಿಯು ತಪ್ಪು ಮಾಡಿ ತಿದ್ದಿಕೊಳ್ಳಲು ಅವಕಾಶವಿರಬೇಕು. ಅಭ್ಯಾಸದಲ್ಲಿ ಆಗುವ ತಪ್ಪು ಯಾರಿಗೂ ನಷ್ಟ ಉಂಟುಮಾಡುವುದಿಲ್ಲ. ನೈಜ ದಾಖಲೆಯಲ್ಲಾಗುವ ತಪ್ಪನ್ನು ಸರಿಪಡಿಸಲು ಅರ್ಜಿದಾರರೇ ಮತ್ತೆ ಅರ್ಜಿ ಹಾಕಬೇಕಾಗುತ್ತದೆ.

(ಉ) ಭಾಷೆ: ಪಾಠವು ಸರಳ ಕನ್ನಡದಲ್ಲಿ, ಯೂನಿಕೋಡ್ ಅಕ್ಷರಗಳಲ್ಲಿ ಇರತಕ್ಕದ್ದು, ಇದರಿಂದ ಹುಡುಕುವುದು ಸುಲಭವಾಗುತ್ತದೆ. ದಂಡು ಪ್ರದೇಶದ ಬಡಾವಣೆಗಳಲ್ಲಿ ತಮಿಳು, ಉರ್ದು ಮತ್ತು ಇಂಗ್ಲಿಷ್ ಆಡುವ ಅರ್ಜಿದಾರರೂ ಹೆಚ್ಚಾಗಿರುವುದರಿಂದ, ಕೌಂಟರಿನಲ್ಲಿ ನಡೆಯುವ ಸಂಭಾಷಣೆಯ ಮಾದರಿಗಳನ್ನು ಧ್ವನಿಸಹಿತ ಸೇರಿಸುವುದು ಉಪಯುಕ್ತ.

(ಊ) ವಿಕಲಚೇತನ ಸಿಬ್ಬಂದಿಗೆ ಅನುಕೂಲ: ದೃಶ್ಯಪಾಠಗಳಿಗೆ ಅಡಿಬರಹವಿರಬೇಕು, ಪರದೆ ಓದುವ ತಂತ್ರಾಂಶದಿಂದ ಪಠ್ಯವನ್ನು ಓದಿಸಲು ಸಾಧ್ಯವಾಗಬೇಕು.

(ಋ) ಪಾಠಗಳ ಪರಿಷ್ಕರಣೆ: ಪ್ರತಿ ಪಾಠದ ಮೇಲೆ ಕೊನೆಯ ಪರಿಷ್ಕರಣೆಯ ದಿನಾಂಕವನ್ನು ನಮೂದಿಸತಕ್ಕದ್ದು. ರದ್ದಾದ ಆದೇಶವನ್ನು ಬೋಧಿಸುವ ಪಾಠವು ಪಾಠವೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ.

5. ಸಮಯ ಮತ್ತು ವೆಚ್ಚ

12 ಸಿಬ್ಬಂದಿಯುಳ್ಳ ಕಚೇರಿಯೊಂದರಲ್ಲಿ 7 ಗಂಟೆಗಳ ತರಬೇತಿಯನ್ನು ಒಂದೇ ದಿನ ಏರ್ಪಡಿಸಿದಲ್ಲಿ 84 ಮಾನವ-ಗಂಟೆಗಳು ವ್ಯಯವಾಗುವುದಲ್ಲದೆ, ಅಂದು ಕೌಂಟರ್ ಮುಚ್ಚಿರುತ್ತದೆ. ಅದೇ 7 ಗಂಟೆಗಳನ್ನು ತಲಾ 15 ನಿಮಿಷಗಳ 28 ಪಾಠಗಳಾಗಿ ವಿಂಗಡಿಸಿ, ವಾರಕ್ಕೆ ಎರಡರಂತೆ ಸರದಿಯಲ್ಲಿ ಅಭ್ಯಸಿಸಿದರೆ 14 ವಾರಗಳಲ್ಲಿ ಪೂರ್ಣಗೊಳ್ಳುತ್ತದೆ. ವ್ಯಯವಾಗುವ ಗಂಟೆಗಳು ಅಷ್ಟೇ. ಆದರೆ ಒಂದು ದಿನವೂ ಸಾರ್ವಜನಿಕರನ್ನು ಹಿಂದಕ್ಕೆ ಕಳುಹಿಸಬೇಕಾಗುವುದಿಲ್ಲ. ಈ ಅವಧಿಯನ್ನು ಕಚೇರಿ ವೇಳೆಯಲ್ಲಿಯೇ ಒದಗಿಸತಕ್ಕದ್ದು. ಮನೆಗೆ ತೆರಳಿದ ನಂತರ ಮೊಬೈಲ್‌ನಲ್ಲಿ ಮುಗಿಸುವಂತೆ ಸೂಚಿಸಿದಲ್ಲಿ, ಪುಟಗಳನ್ನು ಸರಿಸಿ ಪ್ರಮಾಣಪತ್ರ ಪಡೆಯುವ ಪ್ರವೃತ್ತಿ ಬೆಳೆಯುವ ಸಂಭವವಿರುತ್ತದೆ.

ಪಾಠಗಳ ನಡುವೆ ಅಂತರವಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಲಿತದ್ದು ಮೊದಲ ಕೆಲವು ದಿನಗಳಲ್ಲಿಯೇ ಬಹುಪಾಲು ಮರೆತುಹೋಗುತ್ತದೆ, ಅಂತರವಿಟ್ಟು ಪುನರಾವರ್ತಿಸಿದರೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ಪ್ರಕಟಿಸಿದ್ದರು. ಆದ್ದರಿಂದ ಪಾಠ ಮುಗಿದ ಒಂದು ವಾರ ಹಾಗೂ ಒಂದು ತಿಂಗಳ ನಂತರ ಕಿರುಪ್ರಶ್ನೆಗಳನ್ನು ನೀಡುವುದು ಸೂಕ್ತ.

6. ಮೌಲ್ಯಮಾಪನ

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಪ್ರಕಟಿಸಿದ ನಾಲ್ಕು ಹಂತಗಳ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಅದನ್ನು ಕೌಂಟರಿನ ಕೆಲಸಕ್ಕೆ ಹೀಗೆ ಅನ್ವಯಿಸಬಹುದು:

1. ಪ್ರತಿಕ್ರಿಯೆ: ಪಾಠವು ಉಪಯುಕ್ತವೆಂದು ಸಿಬ್ಬಂದಿಗೆ ಅನಿಸಿದೆಯೇ?
2. ಕಲಿಕೆ: ಮಾದರಿ ಅರ್ಜಿಯನ್ನು ದೋಷವಿಲ್ಲದೆ ಪರಿಶೀಲಿಸಬಲ್ಲರೇ?
3. ನಡವಳಿಕೆ: ಮೂರು ತಿಂಗಳ ನಂತರವೂ ದಾಖಲೆಗಳ ಪೂರ್ಣ ಪಟ್ಟಿಯನ್ನು ಮೊದಲ ಭೇಟಿಯಲ್ಲಿಯೇ ನೀಡುತ್ತಿದ್ದಾರೆಯೇ?
4. ಫಲಿತಾಂಶ: ಹಿಂದಿರುಗಿಸಲಾದ ಅರ್ಜಿಗಳ ಹಾಗೂ ಅರ್ಜಿದಾರರ ಮರುಭೇಟಿಗಳ ಸಂಖ್ಯೆ ಇಳಿದಿದೆಯೇ?

ಮೊದಲ ಎರಡು ಹಂತಗಳ ಅಂಕಿಅಂಶಗಳು ಗಣಕದಲ್ಲಿ ತಾನಾಗಿ ದೊರೆಯುತ್ತವೆ. ಅರ್ಜಿದಾರರಿಗೆ ಬೇಕಾಗಿರುವುದು ಕೊನೆಯ ಎರಡು. ಪ್ರಮಾಣಪತ್ರಗಳ ಸಂಖ್ಯೆ ಏರಿಯೂ ಮರುಭೇಟಿಗಳು ಇಳಿಯದಿದ್ದಲ್ಲಿ, ಸಿಬ್ಬಂದಿಯನ್ನು ದೂರುವ ಮುನ್ನ ಪಾಠವನ್ನೇ ಪುನರ್ ಪರಿಶೀಲಿಸತಕ್ಕದ್ದು.

7. ಸಾರ್ವಜನಿಕರ ಪಾತ್ರ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಅಧಿಸೂಚಿತ ಸೇವೆಗಳಿಗೆ ಅರ್ಜಿ ಸಲ್ಲಿಸಿದವರಿಗೆ ಸ್ವೀಕೃತಿ ಪಡೆಯುವ ಹಕ್ಕಿದೆ. ಸೇವೆಯು ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಅರ್ಜಿಯು ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಪಡೆದುಕೊಳ್ಳುವುದು ಉಚಿತ. ಹೀಗೆ ದಾಖಲಾದ ಕಾರಣಗಳು ಮೇಲ್ಮನವಿಗೆ ಆಧಾರವಾಗುವುದಲ್ಲದೆ, ಮುಂದಿನ ತರಬೇತಿಯ ಪಠ್ಯಕ್ಕೂ ಆಧಾರವಾಗುತ್ತವೆ. ಬಾಯಿಮಾತಿನಲ್ಲಿ ಮುಗಿದುಹೋದ ನಿರಾಕರಣೆಯು ಯಾವ ಅಂಕಿಅಂಶದಲ್ಲಿಯೂ ಸೇರುವುದಿಲ್ಲ.

ಸೂಚನೆ: ಕೌಂಟರಿನಲ್ಲಿ ದೊರೆತ ಮಾಹಿತಿಯು ಒಂದು ಭೇಟಿಯಿಂದ ಮತ್ತೊಂದಕ್ಕೆ ವ್ಯತ್ಯಾಸವಾದಲ್ಲಿ, ಭೇಟಿಯ ದಿನಾಂಕ, ಕೌಂಟರ್ ಸಂಖ್ಯೆ ಮತ್ತು ಕೇಳಲಾದ ದಾಖಲೆಯ ಹೆಸರನ್ನು ಬರೆದಿಟ್ಟುಕೊಂಡು ಸಂಬಂಧಪಟ್ಟ ಕಚೇರಿಯ ಮುಖ್ಯಸ್ಥರ ಗಮನಕ್ಕೆ ತರಲು ಸಾರ್ವಜನಿಕರನ್ನು ಕೋರಲಾಗಿದೆ.